ಪ್ಯಾಡು, ಪೆಡಲ್ಲು, ಸುವರ್ಣಗಡ್ಡೆ

ಮಳೆಗಾಲದಲ್ಲಿ ನಮ್ಮನೆವರೆಗೆ ಕೊರಿಯರ್ ಹುಡುಗ ಬರಲ್ಲ. ತಪ್ಪು ಅವನದ್ದಲ್ಲ, ಶಿರಸಿ ಮೇನ್ ರೋಡಿಂದ ನಮ್ಮನೆಗೆ ಒಂದೂವರೆ ಕಿಲೋಮೀಟ್ರು ಕೆಂಪು ಮಣ್ಣಿನ ರಸ್ತೆ, ಜೂನ್ ಅರ್ಧ ಕಳೆದ್ಮೇಲೆ ಅದ್ರಲ್ಲಿ ಧೈರ್ಯವಾಗಿ ಓಡಾಡೋದು ರಕ್ತ ಹೀರೋ ಉಂಬಳ ಮಾತ್ರ. ಹಂಗಾಗಿ ನನ್ನ ಪಾರ್ಸೆಲ್ಲೆಲ್ಲಾ ಬಂದು ಬೀಳೋದು ರಸ್ತೆ ಬದಿ ನಾಯ್ಕರ ಗೂಡಂಗಡಿಲಿ. ನಾಯ್ಕರು ಪಾಪ ಒಳ್ಳೆ ಜನ, ಪಾರ್ಸೆಲ್ ಒಡೆಯಲ್ಲ, ಆದ್ರೆ ಮೇಲೆ ಅಂಟಿಸಿರೋ ಚೀಟಿ ಓದ್ತಾರೆ. ಅವ್ರೊಬ್ರೇ ಓದ್ಕಂಡ್ರೆ ಏನೂ ತೊಂದ್ರೆ ಇರ್ಲಿಲ್ಲ, ಜೋರಾಗಿ ಓದ್ತಾರೆ. ಬೀಡಿ ತಗಳಕ್ಕೆ ಬಂದವ್ರು, ಹಾಲು ಡೇರಿಗೆ ಹೊಂಟವ್ರು, ಬಸ್ಸಿಗೆ ಕಾಯ್ತಾ ನಿಂತವ್ರು ಎಲ್ರಿಗೂ ನಾನು ಏನ್ ತರ್ಸಿದೀನಿ ಅಂತ ನಂಗಿಂತ ಮೊದ್ಲೇ ಗೊತ್ತಾಗಿರತ್ತೆ.

ಈ ಕಥೆಯೆಲ್ಲ ಶುರುವಾಗಿದ್ದು 2020ರಲ್ಲಿ. ಲಾಕ್‌ಡೌನ್ ಅಂತ ಬೆಂಗಳೂರಿಂದ ಊರಿಗೆ ಬಂದವ್ನು ವರ್ಕ್ ಫ್ರಮ್ ಹೋಮ್ ಅಂತ ಇಲ್ಲೇ ಉಳ್ಕಂಡೆ, ಕೂತು ಕೂತು ಹೊಟ್ಟೆ ಮುಂದೆ ಬಂತು, ಅದನ್ನ ಹಿಂದೆ ಕಳ್ಸೋಣ ಅಂತ ಒಂದು ಮೌಂಟೇನ್ ಬೈಕ್, ಅಂದ್ರೆ ಗುಡ್ಡ ಹತ್ತೋ ಸೈಕಲ್ಲು, ತಗಂಡೆ. 29 ಇಂಚಿನ ಚಕ್ರ, ಮುಂದೆ ಸಸ್ಪೆನ್ಷನ್ನು, ಎರಡೂ ಕಡೆ ಹೈಡ್ರಾಲಿಕ್ ಡಿಸ್ಕ್ ಬ್ರೇಕು. ಅಂಗಳದಲ್ಲಿ ನಿಲ್ಸಿ ಅಪ್ಪಯ್ಯನ್ನ ಕರೆದೆ. ಅಪ್ಪಯ್ಯ ಎಲೆ-ಅಡಿಕೆ ಕವಳ ಜಗೀತಾ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕವಳ ಉಗಿದು ಬಂದು ಹೇಳಿದ್ದು ಇಷ್ಟು: "ಕ್ಯಾರಿಯರ್ ಇಲ್ಲೆ, ಸ್ಟ್ಯಾಂಡ್ ಇಲ್ಲೆ, ಮಡ್‌ಗಾರ್ಡ್ ಇಲ್ಲೆ, ಬೆಲ್ಲೂ ಇಲ್ಲೆ. ಇಷ್ಟು ದುಡ್ಡು ಕೊಟ್ಟು ಅರ್ಧ ಸೈಕಲ್ ತಂದ್ಯಲಾ ತಮಾ."

ಉಳಿದರ್ಧ ತರ್ಸೋದ್ರಲ್ಲೇ ನನ್ನ ಆಮೇಲಿನ ವರ್ಷಗಳೆಲ್ಲ ಕಳೆದಿವೆ ನೋಡಿ.

ಇನ್ನೊಂದು ಅವಮಾನ ಅಂದ್ರೆ, ಇದು ಅಲ್ಯೂಮಿನಿಯಂ ಫ್ರೇಮು, ಕಾರ್ಬನ್ ಫೈಬರಿಂದು ಇನ್ನೂ ಹಗುರ ಇರತ್ತೆ ಆದ್ರೆ ರೇಟು ಕೈಗೆಟುಕಲ್ಲ ಅಂತ ನಾನು ವಿವರಿಸ್ತಾ ಇದ್ರೆ ಅಪ್ಪಯ್ಯ ಅಟ್ಟದ ಕಡೆ ಕೈ ತೋರ್ಸಿದ್ರು. ಅಲ್ಲಿ ಕೊನೆ ಕೊಯ್ಯೋ ದೋಟಿ ಮಲಗಿತ್ತು. ಕಾರ್ಬನ್ ಫೈಬರ್ ದೋಟಿ. ನಮ್ಮನೆಲಿ ನನ್ ಸೈಕಲ್ಲಿಗಿಂತ ಹೈಟೆಕ್ಕಾಗಿರೋದು ಅಡಿಕೆ ಕೊಯ್ಯೋ ಕೋಲು ಅಂತ ಅವತ್ತೇ ತಿಳೀತು.

ಮೊದ್ಲು ತರ್ಸಿದ್ದು ಪ್ಯಾಡೆಡ್ ಶಾರ್ಟ್ಸು. ಎಂಟು ದಿನ ಸೀಟಿನ ಮೇಲೆ ಕೂತಿದ್ದಕ್ಕೆ ಒಂಬತ್ತನೇ ದಿನ ಕುರ್ಚಿ ಮೇಲೆ ಕೂರಕ್ಕಾಗ್ತಿರ್ಲಿಲ್ಲ, ಆಫೀಸ್ ಮೀಟಿಂಗನ್ನೆಲ್ಲ ನಿಂತ್ಕಂಡೇ ಮಾಡ್ತಿದ್ದೆ. ಈ ಚಡ್ಡಿಗೆ ಕೂರೋ ಜಾಗದಲ್ಲಿ ಅಂಗೈ ದಪ್ಪದ ಸ್ಪಂಜು ಹೊಲಿದಿರ್ತಾರೆ. ಒಳಗೆ ಬೇರೆ ಚಡ್ಡಿ ಹಾಕಬಾರದು, ಹಾಕಿದ್ರೆ ಅದ್ರ ಹೊಲಿಗೆ ಉಜ್ಜಿ ಇನ್ನೂ ಗಾಯ ಆಗತ್ತೆ, ಇದು ನಂಗೆ ಗೊತ್ತಾಗಿದ್ದು ಹಾಕ್ಕಂಡು ಬನವಾಸಿಗೆ ಹೋಗಿ ಬಂದ್ಮೇಲೆ. ಅದಿರ್ಲಿ, ನಾಯ್ಕರು ಚೀಟಿ ಓದಿದ್ರು. "ಪ್ಯಾಡೆಡ್ ಚಡ್ಡಿ" ಅಂತ ಊರಿಗೆಲ್ಲ ಗೊತ್ತಾಯ್ತು. ಅದನ್ನ ತೊಳೆದು ಆಯಿ (ನನ್ನಮ್ಮ) ಅಂಗಳದ ತಂತಿ ಮೇಲೆ ಒಳಮಗ್ಗಲು ಹೊರಗೆ ಮಾಡಿ ಒಣಗಿಸಿದ್ದು ಆಚೆಮನೆ ಅತ್ತೆ ಕಣ್ಣಿಗೆ ಬಿತ್ತು. ದಿಂಬು ಹೊಲಿದಿರೋ ಚಡ್ಡಿ, ಮೇಲಿಂದ ಹುಡುಗ ನಿಂತ್ಕಂಡೇ ಫೋನಲ್ಲಿ ಮಾತಾಡ್ತಾನೆ, ಅತ್ತೆ ಎರಡಕ್ಕೆ ಎರಡು ಸೇರ್ಸಿದ್ರು.

ಸಂಜೆ ಬೇಲಿ ಬಾಗಿಲಿನ ದಣಪೆ ದಾಟಿ ಬಂದ್ರು, ಕೈಲಿ ಮೂರು ಕೇಜಿ ತೂಗೋ ಒಂದು ಸುವರ್ಣಗಡ್ಡೆ. ಆಯಿ ಒಳಗಿದಾರಾ ಇಲ್ವಾ ನೋಡ್ಕಂಡು ದನಿ ಇಳ್ಸಿ ಹೇಳಿದ್ರು, "ತಮಾ, ನಾಚ್ಕೆ ಮಾಡ್ಕ್ಯಳಡ. ನಿನ್ನ ಮಾವಂಗೂ ಇದ್ದಿತ್ತು. ಇದ್ರ ಪಲ್ಯ ಮಾಡ್ಕ್ಯಂಡು ತಿನ್ನು, ಹದಿನೈದು ದಿವ್ಸದಲ್ಲಿ ಗುಣ ಆಗ್ತು."

ನಮ್ಮ ಕಡೆ ಮೂಲವ್ಯಾಧಿಗೆ ಸುವರ್ಣಗಡ್ಡೆ ಮದ್ದು ಅಂತ ಎಲ್ರಿಗೂ ಗೊತ್ತು, ನಂಗೂ ಗೊತ್ತು, ಆದ್ರೆ ನಂಗೆ ಮೂಲವ್ಯಾಧಿ ಇಲ್ಲ ಅಂತ ಸಾಬೀತು ಮಾಡೋದು ಹೆಂಗೆ? ಇಲ್ಲ ಅಂದಷ್ಟೂ "ಹಂಗೇ ಹೇಳ್ತ ಎಲ್ರೂವ" ಅಂತ ಅತ್ತೆ ಇನ್ನೂ ಕರಗಿ ಹೋದ್ರು. ಆ ವಾರ ಪಲ್ಯ, ಹುಳಿ, ಹಶಿ, ಎಲ್ಲ ಸುವರ್ಣಗಡ್ಡೆದೇ. ಅಪ್ಪಯ್ಯ ಅಂತೂ ಖುಷಿಯಾಗಿ ತಿಂದ್ರು.

ಪಂಪಿನ ಕಥೆ ಬೇರೆ. ಈ ಸೈಕಲ್ಲಿನ ಟ್ಯೂಬಿಗೆ ಇರೋದು ಪ್ರೆಸ್ಟಾ ವಾಲ್ವು, ಪೆನ್ಸಿಲ್ ಕಡ್ಡಿ ಥರ ಸಣ್ಣ, ತುದಿಲಿ ಒಂದು ಪುಟಾಣಿ ತಿರುಪು, ಅದನ್ನ ಸಡಿಲ ಮಾಡಿ ಆಮೇಲೆ ಗಾಳಿ ಹಾಕ್ಬೇಕು. ಬೈಕು ಕಾರಿಗೆ ಇರೋದು ದಪ್ಪ ಶ್ರೇಡರ್ ವಾಲ್ವು. ನಮ್ಮ ಹಳೇ ಕರಿ ಸೈಕಲ್ಲಿಂದು ಮೂರನೇ ಜಾತಿ, ಸಣ್ಣ ರಬ್ಬರಿನ ವಾಲ್‌ಟ್ಯೂಬ್ ಹಾಕೋದು. ಒಂದಕ್ಕೆ ಆಗೋ ಪಂಪು ಎಲ್ಲದಕ್ಕೂ ಕಚ್ಚಲ್ಲ. ಹುಲೇಕಲ್ ರಸ್ತೆಲಿ ಪಂಕ್ಚರ್ ಆಗಿ, ನಾಲ್ಕು ಕಿಲೋಮೀಟ್ರು ತಳ್ಳಿ, ಹಳೇ ಸೈಕಲ್ ಅಂಗಡಿ ಅಜ್ಜರ ಮುಂದೆ ನಿಲ್ಸಿದೆ. ಅಜ್ಜರು ಕನ್ನಡಕ ಏರ್ಸಿ ವಾಲ್ವನ್ನ ಹಿಂದೆ ಮುಂದೆ ಅಲ್ಲಾಡ್ಸಿ, "ಇದ್ರ ವಾಲ್‌ಟ್ಯೂಬ್ ಎಲ್ಲಿ ಬೀಳ್ಸಿದ್ರಿ?" ಅಂದ್ರು. ಬೀಳ್ಸಿಲ್ಲ ಅಜ್ಜ, ಇರೋದೇ ಹಿಂಗೆ ಅಂದೆ. ಅವ್ರು ನಂಬ್ಲಿಲ್ಲ. ಪಕ್ಕಡಲ್ಲಿ ಹಿಡಿದು ಒಂದು ಸಲ ಒತ್ತಿದ್ರು ಅಷ್ಟೇ, ತುದಿ ಮುರಿದು ಅವ್ರ ಅಂಗೈ ಮೇಲೆ ಎಳ್ಳಿನಕಾಳಿನಷ್ಟು ಹಿತ್ತಾಳೆ ಹೊಳೀತಾ ಇತ್ತು. "ಮಾಲು ಸರಿ ಇಲ್ಲ" ಅಂದ್ರು.

ಇದಕ್ಕೆ ಪರಿಹಾರ ಒಂದು ಕಡ್ಲೆಕಾಳಿನಷ್ಟು ದೊಡ್ಡ ಹಿತ್ತಾಳೆ ಅಡಾಪ್ಟರ್, ಅದನ್ನ ತಿರುಗಿಸಿ ಕೂರ್ಸಿದ್ರೆ ಬೈಕಿನ ಪಂಪಲ್ಲೇ ಗಾಳಿ ಹಾಕ್ಬೋದು, ಪೆಟ್ರೋಲ್ ಬಂಕಲ್ಲೂ ಆಗತ್ತೆ. ಐದು ತರ್ಸಿದೆ, ಐದೂ ಕಳೆದೋಯ್ತು. ಒಂದು ಮಾತ್ರ ಅಪ್ಪಯ್ಯನ ಕವಳದ ಬಟ್ಟಲಲ್ಲಿ ಸಿಕ್ತು, ಸುಣ್ಣದ ಡಬ್ಬಿ ಒಳಗೆ. ಹೆಂಗೆ ಹೋಯ್ತು ಅಂತ ಇವತ್ತಿಗೂ ಯಾರೂ ಒಪ್ಕಂಡಿಲ್ಲ.

ಅಜ್ಜರು ಗಾಳಿ ಹಾಕಿದ್ರೆ ಇನ್ನೊಂದು ಫಜೀತಿ, ಅವ್ರ ಲೆಕ್ಕದಲ್ಲಿ ಟೈರು ಕಲ್ಲಾಗಬೇಕು, ಹೆಬ್ಬೆಟ್ಟಲ್ಲಿ ಒತ್ತಿದ್ರೆ ಒಂದು ಚೂರೂ ತಗ್ಗಬಾರದು. ಮೌಂಟೇನ್ ಬೈಕಿನ ಟೈರು ಅಗಲ ಇರೋದೇ ಗಾಳಿ ಕಮ್ಮಿ ಹಾಕಿ ನೆಲ ಕಚ್ಚಿಸಕ್ಕೆ, ಕಲ್ಲು ಬೇರಿನ ದಾರಿಲಿ ನಾನು ಗಾಳಿ ಒತ್ತಡ ಮೂವತ್ತು ಪಿಎಸ್‌ಐ ಆಜುಬಾಜಲ್ಲಿ ಇಟ್ಕಳ್ತೀನಿ. ಕಲ್ಲಾದ ಟೈರಲ್ಲಿ ಒದ್ದೆ ಜಂಬಿಟ್ಟಿಗೆ ಮೇಲೆ ಹೋದ್ರೆ ಸೋಪಿನ ಮೇಲೆ ಕಾಲಿಟ್ಟಂಗೆ. ಇದನ್ನ ಅಜ್ಜರಿಗೆ ಹೇಳೋ ಧೈರ್ಯ ಬಂದಿಲ್ಲ, ಮುಂದಿನ ತಿರುವಲ್ಲಿ ನಿಂತು ಅರ್ಧ ಗಾಳಿ ಬಿಡ್ತೀನಿ.

ಇಷ್ಟಕ್ಕೇ ಸುಮ್ನಿದ್ದಿದ್ರೆ ಆಗ್ತಿತ್ತು, ಕ್ಲಿಪ್‌ಲೆಸ್ ಪೆಡಲ್ ತರ್ಸಿದೆ. ಹೆಸರು ಕ್ಲಿಪ್‌ಲೆಸ್ಸು, ಕೆಲಸ ಪೂರ್ತಿ ಕ್ಲಿಪ್ಪು. ಮೊದ್ಲು ಬೂಟಿನ ಮೂತಿಗೆ ಪಂಜರದ ಥರ ಒಂದು ಕ್ಲಿಪ್ ಇರ್ತಿತ್ತಂತೆ, ಅದು ಹೋಗಿದ್ದಕ್ಕೆ ಈ ಹೆಸರು. ಮೌಂಟೇನ್ ಬೈಕಿನವ್ರು ಹೆಚ್ಚು ಹಾಕೋ ಎಸ್‌ಪಿಡಿ ಪೆಡಲನ್ನ ಜಪಾನಿನ ಸೈಕಲ್ ಬಿಡಿಭಾಗದ ಕಂಪನಿ ಶಿಮಾನೋದವ್ರು 1990ರಲ್ಲಿ ತಂದಿದ್ದು. ಬೂಟಿನ ಅಡಿಗೆ ಒಂದು ಲೋಹದ ತುಂಡು, ಪೆಡಲ್ ಮೇಲೆ ಒತ್ತಿದ್ರೆ ಟಕ್ ಅಂತ ಕಚ್ಕಳತ್ತೆ, ಹಿಮ್ಮಡಿ ಹೊರಗಡೆ ತಿರುವಿದ್ರೆ ಬಿಡತ್ತೆ. ಹಳೇ ಪೆಡಲ್ ಬಿಚ್ಚೋದಕ್ಕೇ ಒಂದು ಭಾನುವಾರ ಹೋಯ್ತು, ಯಾಕಂದ್ರೆ ಎಡಗಡೆ ಪೆಡಲ್ಲಿನ ತಿರುಪು ಉಲ್ಟಾ ಇರತ್ತೆ, ನಾನು ಸಡಿಲ ಮಾಡ್ತಿದೀನಿ ಅಂದ್ಕಂಡು ಒಂದೂವರೆ ಗಂಟೆ ಮೈಮೇಲೆ ಬಂದವ್ರ ಥರ ಬಿಗಿ ಮಾಡ್ತಾ ಇದ್ದೆ.

ಅಂಗಳದಲ್ಲಿ ಕಂಬ ಹಿಡ್ಕಂಡು ಅಭ್ಯಾಸ ಮಾಡ್ದೆ, ಎಲ್ಲ ಸರಿಯಾಯ್ತು. ಸೋಮವಾರ ಶಿರಸಿ ಪ್ಯಾಟಿಗೆ ಹೋದೆ. ಐದು ರಸ್ತೆ ಸರ್ಕಲ್ಲಲ್ಲಿ ಅಡ್ಡ ಒಂದು ಬಸ್ಸು ಬಂತು, ಬ್ರೇಕ್ ಹಾಕಿ ನಿಂತೆ. ನಿಂತೆ, ಆದ್ರೆ ಕಾಲು ಬರ್ಲಿಲ್ಲ. ಹಿಮ್ಮಡಿ ತಿರುವ್ಬೇಕು ಅನ್ನೋದು ತಲೆಗೆ ಹೊಳೆಯೋ ಹೊತ್ತಿಗೆ ಸೈಕಲ್ಲು ಬಲಕ್ಕೆ ವಾಲಕ್ಕೆ ಶುರುವಾಗಿತ್ತು. ಧಡ್ ಅಂತ ಬಿದ್ದಿದ್ರೆ ಮರ್ಯಾದೆ ಉಳೀತಿತ್ತು, ನಾನು ಬಿದ್ದಿದ್ದು ಬುಡ ಕಡಿದ ಅಡಿಕೆ ಮರದ ಥರ, ನಿಧಾನಕ್ಕೆ, ನೆಟ್ಟಗೆ, ಸುತ್ತ ಇದ್ದವ್ರಿಗೆಲ್ಲ ಪೂರ್ತಿ ನೋಡಕ್ಕೆ ಟೈಮ್ ಕೊಟ್ಟು. ಬಿದ್ಮೇಲೂ ಎರಡೂ ಕಾಲು ಪೆಡಲಲ್ಲೇ. ಮಲಗ್ಕಂಡೇ ಸೈಕಲ್ ಹೊಡೀತಿರೋ ಭಂಗಿ.

ಗ್ರಹಚಾರಕ್ಕೆ ಅಲ್ಲೇ ಚಾ ಅಂಗಡಿಲಿ ನಮ್ಮ ತೋಟದ ಅಡಿಕೆ ಕೊಯ್ಯೋ ಕೊನೆಗೌಡ ಇದ್ದ, ಓಡಿ ಬಂದು ಎತ್ತಿದ. ಬೂಟಿನ ಅಡಿ ಮಗುಚಿ ನೋಡಿ ಅಂದ: "ಹೆಗ್ಡೇರೆ, ಕಾಲಿಗೆ ತಳೆ ಹಾಕ್ಕಂಡು ನಾನೂ ಇಪ್ಪತ್ತು ವರ್ಷದಿಂದ ಮರ ಹತ್ತತಾ ಇದೀನಿ. ರಸ್ತೆ ಮೇಲೆ ಹಾಕ್ಕಂಡು ಬೀಳೋರನ್ನ ನೋಡಿದ್ದು ಇದೇ ಮೊದ್ಲು."

ಬಲಕ್ಕೆ ಬಿದ್ದಿದ್ರಿಂದ ಹಿಂದಿನ ಗೇರನ್ನ ಫ್ರೇಮಿಗೆ ಹಿಡಿದಿಡೋ ಹ್ಯಾಂಗರ್ ಬಗ್ಗಿತು. ಅದು ಬಗ್ಗಕ್ಕೇ ಇರೋದು, ಬೇಕಂತಲೇ ಮೆತ್ತಗಿನ ಅಲ್ಯೂಮಿನಿಯಮ್ಮಲ್ಲಿ ಮಾಡಿರ್ತಾರೆ, ಫ್ರೇಮು ಗೇರು ಹಾಳಾಗೋ ಬದ್ಲು ಅದು ಬಲಿಯಾಗಲಿ ಅಂತ. ಹೊಸದು ತರ್ಸಿದೆ. "ಹ್ಯಾಂಗರ್ ಬಂದದೆ ನಿಮ್ದು" ಅಂತ ನಾಯ್ಕರು ಫೋನ್ ಮಾಡಿ, "ಒಂದೇ ಇದ್ದಂಗದೆ, ಅದೂ ಇಷ್ಟ್ ಸಣ್ಣ ಡಬ್ಬಿ, ಯಾರ ಅಂಗಿ ನೇತ್ಹಾಕ್ತ್ರಿ?" ಅಂತ ಕೇಳಿದ್ರು.

ಈಗ ಬ್ರೇಕಿನ ವಿಷಯ, ಇದ್ರಲ್ಲಿ ನಂದು ಒಂಚೂರೂ ತಪ್ಪಿಲ್ಲ. ಮಳೆಲಿ ಡಿಸ್ಕ್ ಬ್ರೇಕು ಕಿರಚತ್ತೆ. ದೇವಿಮನೆ ಘಟ್ಟ ಇಳಿಯುವಾಗ ನನ್ನ ಮುಂದಿನ ಬ್ರೇಕು ಎಂಥಾ ರಾಗ ತೆಗೀತಿತ್ತು ಅಂದ್ರೆ ಮರದ ಮೇಲಿನ ಮಂಗಗಳೆಲ್ಲ ಎದ್ದು ಕೂತು ನೋಡ್ತಿದ್ವು. ಮನೆಗೆ ಬಂದು ನಾಳೆ ಕ್ಲೀನ್ ಮಾಡಿದ್ರಾಯ್ತು ಅಂತ ಜಗಲಿಗೆ ಒರಗಿಸಿ ಮಲಗಿದೆ. ಬೆಳಿಗ್ಗೆ ಎದ್ದು ಸೈಕಲ್ ಹತ್ತಿ ತೋಟದ ಕಡೆ ಇಳಿಜಾರಿಗೆ ಬಿಟ್ಟೆ. ಜಗಲಿಲಿ ಅಪ್ಪಯ್ಯ ಕೂತಿದ್ರು, ಬಾಯ್ತುಂಬ ಕವಳ. ನನ್ನ ನೋಡಿದ್ದೇ ಕೈ ಎತ್ತಿ "ಹೂಂ! ಹೂಂ ಹೂಂ!" ಅಂದ್ರು. ನಾನೂ ಕೈ ಎತ್ತಿ ಟಾಟಾ ಮಾಡ್ದೆ. ಅಪ್ಪಯ್ಯ ಎದ್ದು, ಕವಳ ಉಗಿಯಕ್ಕೆ ಅಂಗಳದ ತುದಿಗೆ ಓಡ್ತಾ ಇದ್ರು, ಅಷ್ಟೊತ್ತಿಗೆ ನಾನು ಬ್ರೇಕ್ ಹಿಡಿದೆ. ಲಿವರು ಗಟ್ಟಿಯಾಗೇ ಸಿಕ್ತು, ಡಿಸ್ಕು ಮಾತ್ರ ಬೆಣ್ಣೆ ಹಚ್ಚಿದಂಗೆ ಪ್ಯಾಡಿನ ನಡುವೆ ಜಾರ್ತಾನೇ ಹೋಯ್ತು, ಸೈಕಲ್ಲು ನಿಲ್ಲೋದಿರ್ಲಿ, ಇನ್ನೂ ಜೋರಾಯ್ತು ಅನಿಸ್ತು. ಕೊಟ್ಟಿಗೆ ಹಿಂದಿನ ತಿರುವಲ್ಲಿ ನಾನು ತಿರುಗ್ಲಿಲ್ಲ. ನೆಟ್ಟಗೆ ಗೊಬ್ಬರ ಗುಂಡಿ.

ಸೊಂಟದ ತನಕ ಇಳಿದಿದ್ದೆ. ಮೇಲೆ ದಂಡೆಲಿ ಅಪ್ಪಯ್ಯ ಬಾಯಿ ಒರೆಸ್ಕಳ್ತಾ ನಿಂತಿದ್ರು. "ಅದೇ ಹೇಳಕ್ಕೆ ಹೊಂಟಿದ್ದಿ. ರಾತ್ರಿ ಕುಂಯ್ ಕುಂಯ್ ಹೇಳಿ ಕೂಗ್ತಿತ್ತಲಾ, ಎರಡೂ ತಟ್ಟೆಗೆ ಕೊಬ್ರಿ ಎಣ್ಣೆ ಹಚ್ಚಿದ್ದಿ. ಈಗ ನೋಡು, ಉಸುರಿಲ್ಲೆ."

ಉಸುರಿಲ್ಲ ನಿಜ. ಬ್ರೇಕ್ ಪ್ಯಾಡಿಗೆ ಒಂದ್ಸಲ ಎಣ್ಣೆ ಕುಡಿಸಿದ್ರೆ ಅದು ಒಳಗಿಳಿದು ಕೂತ್ಕಳತ್ತೆ, ತೊಳೆದ್ರೂ ಹೋಗಲ್ಲ, ಹೊಸದೇ ಹಾಕ್ಬೇಕು. ಡಿಸ್ಕನ್ನ ಸ್ಪಿರಿಟ್ಟಲ್ಲಿ ಒರೆಸಬೇಕು ಅಂತ ಓದಿ, ಮನೆಲಿ ಕೊರೊನಾ ಕಾಲದ ಸ್ಯಾನಿಟೈಸರ್ ಐದು ಬಾಟ್ಲಿ ಉಳಿದಿತ್ತಲ್ಲ, ಅದ್ರಲ್ಲೇ ತಿಕ್ಕಿದೆ. ಅದ್ರಲ್ಲಿ ಕೈ ಒಣಗಬಾರದು ಅಂತ ಗ್ಲಿಸರಿನ್ ಸೇರ್ಸಿರ್ತಾರಂತೆ. ಎರಡನೇ ಸೆಟ್ ಪ್ಯಾಡೂ ಹೋಯ್ತು.

ಬೆನ್ನಿಗೆ ಹಾಕ್ಕಳೋ ಎರಡು ಲೀಟರ್ ನೀರಿನ ಚೀಲದ ಬಗ್ಗೆ ಜಾಸ್ತಿ ಹೇಳಲ್ಲ. ಬರೀ ನೀರು ಕುಡಿದ್ರೆ ಮೈಗೆ ಹತ್ತಲ್ಲ ಅಂತ ಆಯಿ ಅದಕ್ಕೆ ಒಗ್ಗರಣೆ ಮಜ್ಜಿಗೆ ತುಂಬಿದ್ರು, ಸಾಸಿವೆ ಹೋಗಿ ನಳಿಗೆ ಬಾಯಿಲಿ ಸಿಕ್ಕಾಕ್ಕಂಡು, ಯಾಣದ ಏರಲ್ಲಿ ನಾನು ದವಡೆ ನೋಯೋ ತನಕ ಹೀರ್ತಾ ಇದ್ದೆ. ಹೆಲ್ಮೆಟ್ಟಿನ ಗಾಳಿ ಕಿಂಡಿಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು, ಅದನ್ನ ಒಡೀಲಾಗ ಅಂತ ಆಯಿ ಹಠ, ಹಂಗಾಗಿ ಒಂದೂವರೆ ತಿಂಗಳು ಹೆಲ್ಮೆಟ್ಟು ಹುಳಕ್ಕೆ ಬಾಡಿಗೆಗೆ. ಚೈನಿಗೆ ಡ್ರೈ ಲ್ಯೂಬ್ ತರ್ಸಿದ್ದು ನನ್ನ ದಡ್ಡತನ, ಅದು ಧೂಳಿನ ಊರಿಗೆ, ನಮ್ಮ ಆಷಾಢದ ಮಳೆಗೆ ಸೋಂದಾ ಮುಟ್ಟೋದ್ರೊಳಗೆ ತೊಳೆದು ಹೋಗಿ ಚೈನು ಚರಚರ ಅಂತಿತ್ತು.

ಕೊನೆಗೆ ಉಳಿದಿದ್ದು ಮಡ್‌ಗಾರ್ಡ್. ಪ್ಲಾಸ್ಟಿಕ್ಕಿಂದು ಎರಡು ತಂದೆ, ಬೆಟ್ಟದ ದಾರಿಲಿ ದರಕು, ಕೆಸರು ತುಂಬ್ಕಂಡು ಎರಡೂ ಮುರಿದ್ವು. ಆಗ ಅಪ್ಪಯ್ಯ ಮೊದ್ಲನೇ ಸಲ ನನ್ನ ಸೈಕಲ್ಲಿಗೆ ಮನಸಿಟ್ಟು ಕೆಲಸ ಮಾಡಿದ್ರು. ಒಂದು ಒಳ್ಳೆ ಅಗಲದ ಅಡಿಕೆ ಹಾಳೆ ಆರ್ಸಿ, ಕತ್ತಿಲಿ ಅಂಚು ಸವರಿ, ತುದಿಗೆ ಎರಡು ತೂತು ಹಾಕಿ ಸೀಟಿನ ಅಡಿಗೆ ಜಿಪ್ ಟೈಲಿ ಬಿಗಿದ್ರು. ಹಾಳೆಗೆ ಹುಟ್ಟುವಾಗ್ಲೇ ಬಾಗು ಇರತ್ತೆ, ಚಕ್ರದ ಮೇಲೆ ಅಳತೆ ಕೊಟ್ಟು ಮಾಡ್ಸಿದಂಗೆ ಕೂತ್ಕಂತು. ಖರ್ಚು ಸೊನ್ನೆ. ನಾಯ್ಕರಿಗೆ ಓದಕ್ಕೆ ಚೀಟಿನೂ ಇಲ್ಲ.

ಅದೇ ಖುಷಿಲಿ ಸಹಸ್ರಲಿಂಗಕ್ಕೆ ಹೋದೆ. ದಾರಿಯುದ್ದ ಜಿಟಿಜಿಟಿ ಮಳೆ, ಬೆನ್ನ ಮೇಲೆ ಒಂದು ಹನಿ ಕೆಸರಿಲ್ಲ. ಸೈಕಲ್ಲನ್ನ ಮರಕ್ಕೆ ಒರಗಿಸಿ ಶಾಲ್ಮಲೆ ದಂಡೆಗೆ ಇಳಿದೆ. ಹೊಳೆ ತುಂಬಿತ್ತು, ಲಿಂಗಗಳೆಲ್ಲ ನೀರೊಳಗೆ, ಹತ್ತು ನಿಮಿಷ ನೋಡ್ತಾ ನಿಂತೆ. ವಾಪಸ್ ಬಂದ್ರೆ ಸೈಕಲ್ ಹಿಂದೆ ಒಂದು ಕಂದು ದನ ಕಣ್ಮುಚ್ಚಿ ನಿಧಾನಕ್ಕೆ ಜಗೀತಾ ಇತ್ತು. ಮಳೆಗೆ ನೆನೆದು ಹಾಳೆ ಮೆತ್ತಗಾಗಿತ್ತಲ್ಲ, ದನಕ್ಕೆ ಅದು ಮಡ್‌ಗಾರ್ಡ್ ಅಂತ ಗೊತ್ತಾಗೋದು ಹೆಂಗೆ. ನಮ್ಮನೆ ಕೊಟ್ಟಿಗೆಲೂ ಹಾಳೆ ಕೊಚ್ಚಿ ಹಾಕ್ತೀವಪ್ಪ. ಜಿಪ್ ಟೈ ಎರಡು ಮಾತ್ರ ಬಿಟ್ಟಿತ್ತು.

ವಾಪಸ್ ಬರುವಾಗ ಮಳೆ ಜೋರಾಯ್ತು. ಹಿಂದಿನ ಚಕ್ರ ಎರಚಿದ ಕೆಂಪು ನೀರೆಲ್ಲ ಬುಡದಿಂದ ಕುತ್ತಿಗೆವರೆಗೆ ಒಂದೇ ಪಟ್ಟೆ, ಅದ್ರಲ್ಲೂ ಪ್ಯಾಡಿನ ಜಾಗದಲ್ಲಿ ಸ್ಪಂಜು ಕುಡಿದಿದ್ದಷ್ಟೂ ಕೆಂಪು. ದಣಪೆ ಹತ್ರ ಇಳಿದು ಸೈಕಲ್ ಒಳಗೆ ತಳ್ತಾ ಇದ್ದೆ, ಕಾಲೆಲ್ಲ ಮರಗಟ್ಟಿತ್ತು, ಸ್ವಲ್ಪ ಅಗಲಿಸ್ಕಂಡೇ ನಡೀತಿದ್ದೆ. ಹಿಂದಿಂದ "ರಾಮ ರಾಮಾ!" ಅಂತ ಕೇಳ್ತು. ತಿರುಗಿ ನೋಡಿದ್ರೆ ಕೊಡೆ ಹಿಡ್ಕಂಡು ಆಚೆಮನೆ ಅತ್ತೆ. ಕಣ್ಣು ನನ್ನ ಮುಖದ ಮೇಲೆ ಇರ್ಲಿಲ್ಲ.

"ಅತ್ತೆ, ಇದು ಮಣ್ಣು" ಅಂದೆ.

"ಆತು ತಮಾ, ಆತು, ಮಣ್ಣೇಯ" ಅಂತ ಸೆರಗಲ್ಲಿ ಕಣ್ಣೊರೆಸ್ಕಂಡು ಹೋದ್ರು.

ಬೆಳಿಗ್ಗೆ ನೋಡಿದ್ರೆ ದಣಪೆ ಪಕ್ಕ ಗೋಣಿಚೀಲ. ಒಳಗೆ ನಾಲ್ಕು ಗಡ್ಡೆ.