ಅಮೆರಿಕವನ್ನೇ ಮುಖ್ಯ ವಿಷಯವಾಗಿ ಓದಬೇಕೇ?

ಪರ

ಅಮೆರಿಕದಲ್ಲೇ ಹುಟ್ಟಿ ಬೆಳೆದ ಕನ್ನಡದ ಮಕ್ಕಳು ಕಾಲೇಜಿನಲ್ಲಿ ಅಮೆರಿಕನ್ ಸ್ಟಡೀಸ್, ಅಂದರೆ ಅಮೆರಿಕದ ಇತಿಹಾಸ, ಸಾಹಿತ್ಯ, ಸಮಾಜ ಎಲ್ಲವನ್ನೂ ಒಟ್ಟಿಗೆ ಓದುವ ವಿಷಯ, ತಗೋತೀನಿ ಅಂದರೆ ಮನೆಯಲ್ಲಿ ಗಾಬರಿ. ಸುಮ್ನೆ ಕಂಪ್ಯೂಟರ್ ಸೈನ್ಸ್ ತಗೋ ಅನ್ನುತ್ತಾರೆ. ನಾನು ಓದಲಿ ಅನ್ನುತ್ತೇನೆ.

ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆ ನೋಡಿ. ಪಂಜಾಬಿನಿಂದ ಹೋದವರು. ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೈನ್ಯ ಸೇರಿದ್ದರು. ಆಗ ವಲಸೆ ಬಂದವರಲ್ಲಿ ಬಿಳಿಯರಿಗೆ ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ ಪೌರತ್ವ. ನಾನು ಆರ್ಯ ಮೂಲದವನು, ಮೇಲ್ಜಾತಿಯವನು, ಹಾಗಾಗಿ ಬಿಳಿಯನೇ ಅಂತ ಥಿಂಡ್ ವಾದಿಸಿದರು. 1923ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ವಿದ್ವಾಂಸರು ಏನೇ ಹೇಳಲಿ, ಸಾಮಾನ್ಯ ಜನರ ಕಣ್ಣಿಗೆ ನೀವು ಬಿಳಿಯರಲ್ಲ ಅಂದಿತು. ಆಗಲೇ ಪೌರತ್ವ ಸಿಕ್ಕಿದ್ದ ಎಷ್ಟೋ ಭಾರತೀಯರು ಅದನ್ನೂ ಕಳೆದುಕೊಂಡರು.

ಈ ತೀರ್ಪು ಅರ್ಥವಾಗಲು ಕಾನೂನು ಗೊತ್ತಿದ್ದರೆ ಸಾಲದು. ಜನಾಂಗದ ಬಗ್ಗೆ ಆಗಿನ ವಿಜ್ಞಾನ ಏನು ಹೇಳುತ್ತಿತ್ತು, ಪತ್ರಿಕೆಗಳು ಏನು ಬರೆಯುತ್ತಿದ್ದವು, ಎಲ್ಲಾ ಬೇಕು. 1907ರಲ್ಲಿ ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್ ಊರಿನ ಮರದ ಮಿಲ್ಲುಗಳಿಂದ ಪಂಜಾಬಿ ಕೂಲಿಕಾರರನ್ನು ಹೊಡೆದೋಡಿಸಿದ್ದು ಏಕೆ ಅಂತ ತಿಳಿಯಬೇಕು. ಇವನ್ನೆಲ್ಲ ಒಂದೇ ಮೇಜಿನ ಮೇಲೆ ಹರಡಿಕೊಂಡು ಓದಿಸುವುದು ಈ ವಿಭಾಗವೇ. ಜಾತಿಯ ಮಾತು ಕೋರ್ಟಿನವರೆಗೂ ಹೇಗೆ ಹೋಯಿತು ಅನ್ನುವುದು ನಮ್ಮ ಮಕ್ಕಳಿಗೆ ಬೇರೆಯವರಿಗಿಂತ ಬೇಗ ಹೊಳೆಯುತ್ತದೆ. 1946ರ ಕಾನೂನು ವರ್ಷಕ್ಕೆ ನೂರು ಭಾರತೀಯರಿಗೆ ಬಾಗಿಲು ತೆರೆಯಿತು. 1965ರದ್ದು ಇನ್ನೂ ಅಗಲವಾಗಿ ತೆರೆಯಿತು. ಅಪ್ಪ ಅಮ್ಮ ಬಂದದ್ದು ಆ ಬಾಗಿಲಿನಿಂದಲೇ ಅಲ್ವಾ?

ವಿರೋಧ

ಥಿಂಡ್ ಕಥೆ ನನ್ನನ್ನೂ ಕಾಡುತ್ತದೆ. ಆದರೆ ಒಂದು ದೇಶವನ್ನೇ ವಿಷಯ ಮಾಡಿಕೊಂಡರೆ ಆ ದೇಶವೇ ಪೂರ್ತಿ ಕಾಣುವುದಿಲ್ಲ ಅನ್ನುವುದು ನನ್ನ ತಕರಾರು.

ಹತ್ತಿಯನ್ನೇ ತಗೊಳ್ಳಿ. 1861ರಲ್ಲಿ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾಯಿತು. ಉತ್ತರದವರ ಹಡಗುಗಳು ದಕ್ಷಿಣದ ಬಂದರುಗಳನ್ನು ಕಟ್ಟಿಹಾಕಿದವು. ಗುಲಾಮರು ಬೆಳೆದ ಹತ್ತಿ ಇಂಗ್ಲೆಂಡಿನ ಲ್ಯಾಂಕಷೈರಿನ ಗಿರಣಿಗಳಿಗೆ ಹೋಗುವುದು ಕಮ್ಮಿಯಾಯಿತು. ಬೆಲೆ ಮುಗಿಲಿಗೇರಿತು. ಧಾರವಾಡದ ಎರೆ ಹೊಲಗಳಲ್ಲಿ ಆ ಹೊತ್ತಿಗಾಗಲೇ ನ್ಯೂ ಆರ್ಲಿಯನ್ಸ್ ತಳಿಯ ಹತ್ತಿ ಬೆಳೆಯುತ್ತಿದ್ದರು. ವ್ಯಾಪಾರಿಗಳು ಅದನ್ನು ‘ಧಾರವಾಡ ಅಮೆರಿಕನ್’ ಅನ್ನುತ್ತಿದ್ದರು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು, ಬೊಂಬಾಯಿಯಲ್ಲಿ ಎಷ್ಟೋ ಕಂಪನಿಗಳು ಮುಳುಗಿದವು.

ಇದು ಒಂದೇ ಕಥೆ. ಅದರ ಅರ್ಧ ಅಮೆರಿಕದ ಆಚೆ ಇದೆ. ಒಳ್ಳೆಯ ಮೇಷ್ಟ್ರು ಇದನ್ನೂ ಹೇಳಿಕೊಡುತ್ತಾರೆ, ನಿಜ. ಆದರೆ ಧಾರವಾಡದ ಹಳೆಯ ಕಾಗದಪತ್ರ ಓದಲು ಕನ್ನಡ, ಮರಾಠಿ ಬೇಕು. ಬೆಲೆ ಏಕೆ ಕುಸಿಯಿತು ಅಂತ ಹೇಳಲು ಅರ್ಥಶಾಸ್ತ್ರ ಬೇಕು. ಎಲ್ಲದರಲ್ಲೂ ಒಂದೊಂದು ಚಮಚ ರುಚಿ ನೋಡಿದವರ ಕೈಯಲ್ಲಿ ಇದಾಗುವುದಿಲ್ಲ. ಫೀಸೂ ಸಣ್ಣದಲ್ಲ. ಖಾಸಗಿ ಕಾಲೇಜಾದರೆ ವರ್ಷಕ್ಕೆ ಹತ್ತಾರು ಸಾವಿರ ಡಾಲರ್, ಅದೂ ಸಾಲ ಮಾಡಿ.

ಇತಿಹಾಸವನ್ನೋ ಅರ್ಥಶಾಸ್ತ್ರವನ್ನೋ ಮುಖ್ಯ ವಿಷಯ ಮಾಡಿಕೊಳ್ಳಲಿ. ಥಿಂಡ್ ತೀರ್ಪನ್ನು ಅದರ ಜೊತೆಗೇ ಓದಲಿ. ಬೇಸಿಗೆ ರಜೆಗೆ ಊರಿಗೆ ಬಂದಾಗ ಅಜ್ಜಿಯ ಹತ್ತಿರ ಕನ್ನಡ ಓದುವುದನ್ನೂ ಕಲಿಯಲಿ.