ಸಿಸ್ಟಂ ತಗೊಳ್ತಿಲ್ಲ ಅಂದರೆ ಯಾರು ತಗೊಳ್ತಿಲ್ಲ?

"ಹೆಸರು ಮ್ಯಾಚ್ ಆಗ್ತಿಲ್ಲ, ಸಿಸ್ಟಂ ತಗೊಳ್ತಿಲ್ಲ." ಈ ಮಾತು ಕೇಳಿ ಕೇಳಿ ತಲೆ ಕೆಟ್ಟುಹೋಗಿದೆ. ಬ್ಯಾಂಕಿನಲ್ಲಿ ಇದೇ, ನಾಡಕಚೇರಿಯಲ್ಲಿ ಇದೇ, ರೇಷನ್ ಕಾರ್ಡಿನ ಇ-ಕೆವೈಸಿ ಮಾಡಿಸುವ ಕಡೆಯೂ ಇದೇ. ನಾನು ಪ್ರೋಗ್ರಾಮರ್. ಕೋಡ್ ಬರೆದೇ ಹೊಟ್ಟೆ ಹೊರೆಯುವವನು. ಅದಕ್ಕೇ ಈ ಮಾತು ಕೇಳಿದರೆ ನನಗೆ ಬೇರೆಯವರಿಗಿಂತ ಜಾಸ್ತಿ ಉರಿಯುತ್ತದೆ. ಸಿಸ್ಟಂ ತಾನಾಗಿ ಏನನ್ನೂ ಬೇಡ ಅನ್ನುವುದಿಲ್ಲ. ಎರಡು ಕಡೆಯ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇದ್ದರೆ ಮಾತ್ರ ಇಬ್ಬರೂ ಒಬ್ಬರೇ ಅಂತ ಯಾರೋ ಕೂತು ತೀರ್ಮಾನ ಮಾಡಿ ಒಂದು ಸಾಲು ಕೋಡ್ ಬರೆದಿದ್ದಾರೆ. ಇನ್ಯಾರೋ ಅದಕ್ಕೆ ಒಪ್ಪಿಗೆ ಕೊಟ್ಟಿದ್ದಾರೆ. ಅವರು ಸಂಬಳ ತಗೊಂಡು ಮನೆಗೆ ಹೋದರು. ಅಲೆಯುತ್ತಿರುವುದು ನಮ್ಮ ದೊಡ್ಡಮ್ಮ.

ದೊಡ್ಡಪ್ಪ ತೀರಿಕೊಂಡ ಮೇಲೆ ಜಮೀನಿನ ಪೌತಿ ಖಾತೆ ಆಗಬೇಕಿತ್ತು, ಅಂದರೆ ಜಮೀನು ವಾರಸುದಾರರ ಹೆಸರಿಗೆ ಬರಬೇಕಿತ್ತು, ಬ್ಯಾಂಕಿನಲ್ಲಿದ್ದ ದುಡ್ಡು ದೊಡ್ಡಮ್ಮನ ಖಾತೆಗೆ ಬರಬೇಕಿತ್ತು. ಅವರ ನಿಜವಾದ ಹೆಸರು ಇಲ್ಲಿ ಬೇಡ. ಕಾಳೇಗೌಡರ ಮಗ ತಿಮ್ಮೇಗೌಡ ಅಂತ ಇಟ್ಟುಕೊಳ್ಳಿ. ಪಹಣಿಯಲ್ಲಿ "ತಿಮ್ಮೇಗೌಡ ಬಿನ್ ಕಾಳೇಗೌಡ". ಆಧಾರ್‌ನಲ್ಲಿ "ತಿಮ್ಮೇಗೌಡ ಕೆ". ಪಾಸ್‌ಬುಕ್ಕಿನಲ್ಲಿ "ಕೆ ತಿಮ್ಮೇಗೌಡ". ಮರಣ ಪತ್ರದಲ್ಲಿ "ತಿಮ್ಮೇ ಗೌಡ", ನಡುವೆ ಒಂದು ಜಾಗ ಬಿಟ್ಟು. ಊರಿನಲ್ಲಿ ಯಾವ ಮಗುವನ್ನು ಕೇಳಿದರೂ ಇದು ಒಬ್ಬರೇ ಅಂತ ಹೇಳುತ್ತದೆ. ಕಂಪ್ಯೂಟರ್ ಮಾತ್ರ ನಾಲ್ಕು ಜನ ಅನ್ನುತ್ತದೆ, ಅದನ್ನು ಎದುರಿಗೆ ಕೂತವರು ನಂಬುತ್ತಾರೆ.

ಬ್ಯಾಂಕಿನ ಕೌಂಟರಿನಲ್ಲಿ ದೊಡ್ಡಮ್ಮ ಪ್ಲಾಸ್ಟಿಕ್ ಕವರಿನಿಂದ ಒಂದೊಂದೇ ಕಾಗದ ತೆಗೆದು ಇಟ್ಟರು. ಹುಡುಗ ಒಳ್ಳೆಯವನೇ, ಅವನ ಮೇಲೆ ನನಗೆ ಸಿಟ್ಟಿಲ್ಲ. "ಅಮ್ಮಾ, ನಮ್ ಕೈಯಲ್ಲಿ ಏನೂ ಇಲ್ಲ, ಅಫಿಡವಿಟ್ ಮಾಡಿಸ್ಕೊಂಡ್ ಬನ್ನಿ" ಅಂದ. ದೊಡ್ಡಮ್ಮ ಕೇಳಿದ್ದು ಒಂದೇ ಮಾತು: "ಅಲ್ಲಪ್ಪಾ, ನಾನು ಅವರ ಹೆಂಡತಿ ಅಲ್ವಾ ಹಂಗಾದ್ರೆ?" ಅದಕ್ಕೆ ಅವನ ಹತ್ತಿರ ಉತ್ತರ ಇರಲಿಲ್ಲ. ಸ್ಕ್ರೀನಿನಲ್ಲಿ ಆ ಪ್ರಶ್ನೆಗೆ ಜಾಗವೇ ಇಲ್ಲವಲ್ಲ.

ಅಫಿಡವಿಟ್ ಅಂದರೆ ಸುಮ್ನೆ ಆಗುತ್ತದಾ? ಕರ್ನಾಟಕದಲ್ಲಿ ಅದರ ಛಾಪಾ ಶುಲ್ಕ ಮೊದಲು 20 ರೂಪಾಯಿ ಇತ್ತು, 2024ರಿಂದ 100 ಆಗಿದೆ. ಅದರ ಮೇಲೆ ಟೈಪಿಂಗ್, ನೋಟರಿ, ಬಸ್ ಚಾರ್ಜು, ಹೋದ ದಿನದ ಕೂಲಿ. ಒಂದು ಕಡೆ ಕೊಟ್ಟ ಅಫಿಡವಿಟ್ ಇನ್ನೊಂದು ಕಡೆ ನಡೆಯುವುದಿಲ್ಲ, ಅಲ್ಲಿ ಬೇರೆ ನಮೂನೆ ಕೇಳುತ್ತಾರೆ. ಆಧಾರ್‌ನಲ್ಲೇ ಸರಿಮಾಡಿಸೋಣ ಅಂದರೆ, ಬದುಕಿರುವವರಿಗೂ ಹೆಸರು ತಿದ್ದಲು ಜೀವನಪೂರ್ತಿ ಸಾಮಾನ್ಯವಾಗಿ ಸಿಗುವುದು ಎರಡೇ ಅವಕಾಶ. ಸತ್ತವರ ಹೆಸರು ತಿದ್ದಿಸಲು ಎಲ್ಲಿಗೆ ಹೋಗುವುದು?

ಮೂಲದಲ್ಲಿರುವ ತಪ್ಪು ಯಾವುದು ಗೊತ್ತಾ? ಫಾರಂ ಮಾಡಿದವರು ಪ್ರಪಂಚದ ಎಲ್ಲರಿಗೂ ಫಸ್ಟ್ ನೇಮ್, ಲಾಸ್ಟ್ ನೇಮ್ ಇರುತ್ತದೆ ಅಂದುಕೊಂಡಿದ್ದಾರೆ. ನಮ್ಮ ರಾಜ್ಯದಲ್ಲೇ ಎಷ್ಟು ರೀತಿ ಇದೆ ನೋಡಿ. ಎಚ್.ಡಿ. ದೇವೇಗೌಡರು ಅಂದರೆ ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ. ಮೊದಲು ಊರು, ಆಮೇಲೆ ಅಪ್ಪನ ಹೆಸರು, ಕೊನೆಯಲ್ಲಿ ಸ್ವಂತ ಹೆಸರು. ಬಿ.ಡಿ. ಜತ್ತಿ ಅಂದರೆ ಬಸಪ್ಪ ದಾನಪ್ಪ ಜತ್ತಿ. ಇಲ್ಲಿ ಸ್ವಂತ ಹೆಸರು ಮೊದಲು, ಅಪ್ಪನದು ನಡುವೆ, ಮನೆತನದ ಅಡ್ಡಹೆಸರು ಕೊನೆಗೆ. ಇಬ್ಬರೂ ನಮ್ಮ ಮುಖ್ಯಮಂತ್ರಿಗಳಾಗಿದ್ದವರು, ಒಬ್ಬರದು ಹಾಸನ, ಇನ್ನೊಬ್ಬರದು ಬಾಗಲಕೋಟೆ ಕಡೆ. ಇಬ್ಬರ ಹೆಸರನ್ನೂ ಅದೇ ಎರಡು ಖಾನೆಗೆ ತುರುಕಿದರೆ ಒಬ್ಬರದು ತಲೆಕೆಳಗಾಗಲೇಬೇಕು. ಪಾನ್ ಕಾರ್ಡಿನ ಅರ್ಜಿಯಲ್ಲಿ ಲಾಸ್ಟ್ ನೇಮ್ ಕಡ್ಡಾಯ, ಅಲ್ಲಿ ಇನಿಷಿಯಲ್ ಬರೆಯುವ ಹಾಗಿಲ್ಲ. ಶಾಲೆಯಲ್ಲಿ ಮೇಷ್ಟ್ರು ಬರೆದುಕೊಟ್ಟ ಇನಿಷಿಯಲ್ಲೇ ಅಂಕಪಟ್ಟಿಯಲ್ಲಿ ಇರುವುದು. ಅಲ್ಲಿಗೆ ಒಬ್ಬ ಮನುಷ್ಯನಿಗೆ ಎರಡು ಹೆಸರು ಸರ್ಕಾರವೇ ಕೊಟ್ಟಂತಾಯಿತು. ಆಮೇಲೆ ಅದೇ ಸರ್ಕಾರ ಎರಡನ್ನೂ ಜೋಡಿಸು ಅನ್ನುತ್ತದೆ. ಪಾನ್-ಆಧಾರ್ ಜೋಡಣೆ ತಡವಾದವರಿಂದ 2022ರ ಜುಲೈನಿಂದ 1000 ರೂಪಾಯಿ ಕಟ್ಟಿಸಿಕೊಂಡರು. ಹೆಸರು ಹೊಂದದೆ ತಡವಾದವರೂ ಅಷ್ಟೇ ಕಟ್ಟಿದರು.

ಇದೆಲ್ಲ ಮಾಡಲಾಗದ ಕೆಲಸ ಅನ್ನುವವರಿಗೆ ಒಂದು ಮಾತು ಹೇಳಬೇಕು. ಆಧಾರ್ ಪ್ರಾಧಿಕಾರ ಬೇರೆ ಸಂಸ್ಥೆಗಳಿಗೆ ಅಂತ ಪ್ರಕಟಿಸಿರುವ ದೃಢೀಕರಣದ ಎಪಿಐ (ಒಂದು ಸಾಫ್ಟ್‌ವೇರ್ ಇನ್ನೊಂದನ್ನು ಮಾತಾಡಿಸುವ ವಿಧಾನ) ದಾಖಲೆ ಓದಿ. ಹೆಸರು ಪೂರ್ತಿ ಹೊಂದಬೇಕಾ, ಒಂದಷ್ಟು ಹೊಂದಿದರೆ ಸಾಕಾ ಅಂತ ಆರಿಸಿಕೊಳ್ಳಲು ಅದರಲ್ಲಿ ಅವಕಾಶ ಇದೆ. ಎಷ್ಟು ಹೊಂದಬೇಕು ಅನ್ನುವುದಕ್ಕೆ 1ರಿಂದ 100ರವರೆಗೆ ಅಂಕಿ ಕೊಡಬಹುದು. ಕನ್ನಡದಂಥ ಭಾಷೆಯಲ್ಲಿ ಬರೆದ ಹೆಸರನ್ನು ಹೋಲಿಸಲೂ ಬೇರೆ ಖಾನೆ ಇದೆ. ಅಂದರೆ ಅದನ್ನು ರೂಪಿಸಿದವರಿಗೆ ನಮ್ಮ ಹೆಸರುಗಳ ಕಷ್ಟ ಗೊತ್ತಿತ್ತು! ಆದರೆ ಏನೂ ಹೇಳದೆ ಬಿಟ್ಟರೆ ಅದು ಪೂರ್ತಿ ಹೊಂದಬೇಕು, 100ಕ್ಕೆ 100 ಅಂತಲೇ ತಿಳಿಯುತ್ತದೆ. ಬಳಸುವವರು ಹಾಗೇ ಬಿಟ್ಟುಬಿಟ್ಟರೆ ಆ ಅನುಕೂಲ ಇದ್ದೂ ಯಾರಿಗೆ ಬಂತು?

ಕನ್ನಡದಲ್ಲಿ "ಲಕ್ಷ್ಮಮ್ಮ" ಬರೆಯುವುದು ಒಂದೇ ರೀತಿ. ಇಂಗ್ಲಿಷಿಗೆ ಹೋದ ತಕ್ಷಣ ಒಬ್ಬರು ಎಕ್ಸ್ ಹಾಕುತ್ತಾರೆ, ಒಬ್ಬರು ಕೆ-ಎಸ್-ಎಚ್ ಹಾಕುತ್ತಾರೆ, ಎಂ ಎಷ್ಟು ಬೇಕು ಅನ್ನುವುದು ಟೈಪ್ ಮಾಡುವವರ ಮರ್ಜಿ. ಪಹಣಿ ಕನ್ನಡದಲ್ಲಿದೆ, ಆಧಾರ್ ಕಾರ್ಡಿನಲ್ಲೂ ಕನ್ನಡದ ಹೆಸರಿದೆ. ಕರ್ನಾಟಕ ಸರ್ಕಾರ ತನ್ನದೇ ಕೆಲಸಕ್ಕೆ ಮೊದಲು ಕನ್ನಡಕ್ಕೆ ಕನ್ನಡವನ್ನೇ ಹೋಲಿಸಲಿ, ಅರ್ಧ ಗಲಾಟೆ ಅಲ್ಲೇ ಮುಗಿಯುತ್ತದೆ.

ರಾಜಕೀಯದವರ ಹತ್ತಿರ ಹೋದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಆಧಾರ್ ಶುರು ಮಾಡಿದ್ದು ಒಂದು ಸರ್ಕಾರ, ಅದಕ್ಕೆ 2016ರಲ್ಲಿ ಕಾಯ್ದೆ ತಂದದ್ದು ಅದನ್ನು ಸೋಲಿಸಿ ಬಂದ ಸರ್ಕಾರ. ಗೃಹಲಕ್ಷ್ಮಿಯ 2000 ರೂಪಾಯಿಗೆ ಆಧಾರ್ ಜೋಡಿಸಿದ ಖಾತೆ ಕೇಳುವುದು ನಮ್ಮ ರಾಜ್ಯ ಸರ್ಕಾರ. ಪಹಣಿಗೆ ಆಧಾರ್ ಜೋಡಿಸಿ ಅಂತ 2024ರಲ್ಲಿ ಹೊರಟಿದ್ದೂ ಇದೇ ಸರ್ಕಾರ. ಜೋಡಿಸುವ ವಿಷಯದಲ್ಲಿ ಎಲ್ಲ ಪಕ್ಷದವರೂ ಮುಂದೆ. ಜೋಡಿಸಲು ಹೋಗಿ ಹೆಸರು ತಪ್ಪಿದವರ ಪರವಾಗಿ ಗಟ್ಟಿಯಾಗಿ ಮಾತಾಡಿದವರನ್ನು ನಾನಂತೂ ಕಂಡಿಲ್ಲ. ಇದರಲ್ಲಿ ಹೆಂಗಸರಿಗೆ ಏಟು ಜಾಸ್ತಿ. ತವರಿನಲ್ಲಿ ಅಪ್ಪನ ಇನಿಷಿಯಲ್, ಮದುವೆಯಾದ ಮೇಲೆ ಗಂಡನ ಹೆಸರು, ಪಹಣಿಯಲ್ಲಿ "ಕೋಂ", ಅಂದರೆ ಇಂಥವರ ಹೆಂಡತಿ, ಅಂತ ಇನ್ನೊಂದು ರೂಪ. ಅವರು ಕೇಳಿ ಬರೆಸಿದ್ದಲ್ಲ, ಬೇರೆಯವರು ಬರೆದದ್ದು.

ನಮ್ಮ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು, ಇದನ್ನು ಸರಿಮಾಡುವುದು ದೊಡ್ಡ ವಿದ್ಯೆಯಲ್ಲ. ಹೆಸರಿಗೆ ಒಂದೇ ಖಾನೆ ಇಡಿ. ಪದಗಳ ಹಿಂದುಮುಂದು, ನಡುವಿನ ಜಾಗ, ಚುಕ್ಕೆ ಇವನ್ನು ಲೆಕ್ಕಕ್ಕೆ ತಗೋಬೇಡಿ. ಅನುಮಾನ ಬಂದರೆ ಅರ್ಜಿ ತಿರಸ್ಕರಿಸಬೇಡಿ, ಮನುಷ್ಯರೊಬ್ಬರ ಮುಂದಿಡಿ. ಊರಿನ ಗ್ರಾಮ ಆಡಳಿತಾಧಿಕಾರಿ ಹೋಗಿ ವಿಚಾರಿಸಿ "ಹೌದು, ಇಬ್ಬರೂ ಒಬ್ಬರೇ" ಅಂತ ಒಂದು ಸಲ ಸಹಿ ಹಾಕಿದರೆ, ಅದು ಬ್ಯಾಂಕಿಗೂ ತಾಲ್ಲೂಕು ಕಚೇರಿಗೂ ಸಾಕಾಗಬೇಕು. ಸಾಫ್ಟ್‌ವೇರಿಗೆ ಟೆಂಡರ್ ಕರೆಯುವ ಅಧಿಕಾರಿಗಳೇ, ಬಿಲ್ ಪಾಸ್ ಮಾಡುವ ಮುಂಚೆ ಒಂದು ಹಳ್ಳಿಯ ಪಹಣಿಯನ್ನೂ ಅದೇ ಹಳ್ಳಿಯ ಪಾಸ್‌ಬುಕ್ಕುಗಳನ್ನೂ ಅದರೊಳಗೆ ಹಾಕಿ ನೋಡಿ. ಎಷ್ಟು ಜನ ಹೊರಗೆ ಬಿದ್ದರು ಅಂತ ಎಣಿಸಿ. ಅವರೆಲ್ಲ ಒಳಗೆ ಬರುವ ತನಕ ಗುತ್ತಿಗೆದಾರರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.