ಸಾಯದೆ ಆರು ಗಂಟೆ

ಸ್ಲೀಪಿಂಗ್ ಬ್ಯಾಗಿನ ಮೇಲೆ ದಪ್ಪ ಅಕ್ಷರದಲ್ಲಿ ‘−15’ ಅಂತ ಅಚ್ಚಾಗಿದ್ದರೆ ನೀವೇನು ಅಂದುಕೊಳ್ಳುತ್ತೀರಿ? ಹೊರಗೆ ನೀರು ಕಲ್ಲಾದರೂ ಒಳಗೆ ಗೊರಕೆ ಹೊಡೆಯಬಹುದು ಅಂತ, ಅಲ್ವಾ? ನಾನೂ ಹಾಗೇ ನಂಬಿದ್ದೆ. ಆಮೇಲೆ ಅದರ ಅರ್ಥ ಓದಿದೆ. ಅದು ‘ಎಕ್ಸ್‌ಟ್ರೀಮ್’ ಅಂಕಿ. ಅಷ್ಟು ಚಳಿಯಲ್ಲಿ 25 ವರ್ಷದ, 60 ಕಿಲೋ ತೂಕದ, 1.60 ಮೀಟರ್ ಎತ್ತರದ ಹೆಂಗಸು ಆರು ಗಂಟೆ ಸಾಯದೆ ಇರುತ್ತಾಳೆ. ಅಷ್ಟೇ ಭರವಸೆ. ಹಿಮ ಕಚ್ಚಿ ಬೆರಳು ಕಪ್ಪಾದರೆ ಅದು ಲೆಕ್ಕಕ್ಕಿಲ್ಲ. ಏಳನೇ ಗಂಟೆಯ ಸುದ್ದಿ ಎತ್ತುವಂತಿಲ್ಲ.

ಇದೇ ರೀತಿ ಕೊಡೆ ಮಾರಿದರೆ ಹೇಗಿರುತ್ತೆ? ‘ಎಂಥಾ ಮಳೆಗೂ ಸೈ! ಮುಳುಗುವುದಿಲ್ಲ!’

ನಿಜವಾಗಿ ನಿದ್ದೆಗೆ ಸಂಬಂಧಪಟ್ಟ ಅಂಕಿಗಳೂ ಇವೆ, ಪಾಪ, ಹೊಲಿಗೆಯೊಳಗಿನ ಚೀಟಿಯಲ್ಲಿ. ‘ಕಂಫರ್ಟ್’ ಅಂದರೆ ಅದೇ ಹೆಂಗಸು ಕೈಕಾಲು ಸಡಿಲ ಬಿಟ್ಟು ಮಲಗಬಹುದಾದ ಚಳಿ. ‘ಲಿಮಿಟ್’ ಅಂದರೆ 25 ವರ್ಷದ, 73 ಕಿಲೋ ತೂಕದ, 1.73 ಮೀಟರ್ ಎತ್ತರದ ಗಂಡಸು ಮುದುಡಿಕೊಂಡು ಎಂಟು ಗಂಟೆ ಕಳೆಯುವ ಚಳಿ. −15ರ ಚೀಲದ ಕಂಫರ್ಟ್ ಸುಮಾರು +5 ಇರುತ್ತದೆ. ನಡುವಿನ 20 ಡಿಗ್ರಿಯನ್ನು ನೀವು ಹಲ್ಲು ಕಡಿದುಕೊಂಡು ತುಂಬಿಕೊಳ್ಳಬೇಕು. ಇವರಿಬ್ಬರಿಗೂ ವಯಸ್ಸಾಗುವುದೇ ಇಲ್ಲ ಅನ್ನುವುದನ್ನೂ ಗಮನಿಸಿ. ಈ ಅಂಕಿಗಳನ್ನೆಲ್ಲ ಗೊತ್ತುಮಾಡಿದ ಯುರೋಪಿನ ನಿಯಮ ಬಂದದ್ದು 2002ರಲ್ಲಿ. ಅಂದಿನಿಂದ ಇಂದಿನವರೆಗೂ ಇಬ್ಬರಿಗೂ 25.

ಅಳೆಯುವುದು ಹೇಗೆ ಗೊತ್ತಾ? ಈ ಇಬ್ಬರನ್ನೂ ಯಾರೂ ಚಳಿಗೆ ಹಾಕುವುದಿಲ್ಲ. ಒಂದು ಬೊಂಬೆಯನ್ನು ಹಾಕುತ್ತಾರೆ. ಅದರ ಮೈಗೆ ಕರೆಂಟ್ ಹರಿಸಿ ಮನುಷ್ಯನ ಚರ್ಮದಷ್ಟು ಬಿಸಿ ಇಡುತ್ತಾರೆ. ತುಂಬುತೋಳಿನ ಒಳ ಅಂಗಿ, ಉದ್ದ ಚಡ್ಡಿ, ಮೊಣಕಾಲುವರೆಗಿನ ಸಾಕ್ಸ್ ತೊಡಿಸಿ ಚೀಲದಲ್ಲಿ ಮಲಗಿಸುತ್ತಾರೆ. ಬಿಸಿ ಕಾಯ್ದುಕೊಳ್ಳಲು ಎಷ್ಟು ಕರೆಂಟ್ ಬೇಕಾಯಿತು ನೋಡಿದರೆ ಚೀಲ ಎಷ್ಟು ಬೆಚ್ಚಗೆ ಅಂತ ಗೊತ್ತಾಗುತ್ತದೆ. ಮಿಕ್ಕಿದ್ದೆಲ್ಲ ಲೆಕ್ಕಾಚಾರ. ವಿಧಾನ ಚೆನ್ನಾಗೇ ಇದೆ, ತಕರಾರಿಲ್ಲ. ಆದರೆ ಬೊಂಬೆ ಊಟ ಮಾಡದೆ ಮಲಗುವುದಿಲ್ಲ, ನಡುರಾತ್ರಿ ಎದ್ದು ಹೊರಗೆ ಹೋಗುವುದಿಲ್ಲ, ಪಕ್ಕದವರ ಹೊದಿಕೆ ಎಳೆಯುವುದಿಲ್ಲ. ಅದರ ಕರೆಂಟ್ ಬಿಲ್ ಬೇರೆಯವರು ಕಟ್ಟುತ್ತಾರೆ. ನಮ್ಮದು ಹಾಗಲ್ಲ. ಹೊದಿಕೆಗೆ ಸ್ವಂತ ಬಿಸಿ ಇಲ್ಲ. ನಮ್ಮದೇ ಬಿಸಿಯನ್ನು ನೂಲಿನ ಸಂದಿಯ ಗಾಳಿಯಲ್ಲಿ ಹಿಡಿದಿಟ್ಟು ನಮಗೇ ವಾಪಸ್ ಕೊಡುತ್ತದೆ.

ಬಟ್ಟೆ ಎಷ್ಟು ಬೆಚ್ಚಗೆ ಅಂತ ಹೇಳುವ ಅಳತೆಗೋಲಿನ ಕಥೆಯೂ ಹೀಗೇ. 1941ರಲ್ಲಿ ಮೂವರು ವಿಜ್ಞಾನಿಗಳು ‘ಕ್ಲೋ’ ಅನ್ನುವ ಮಾನ ತಂದರು. 21 ಡಿಗ್ರಿಯ ಕೋಣೆಯಲ್ಲಿ ಸುಮ್ನೆ ಕೂತವನಿಗೆ ಹಿತವೆನಿಸುವಷ್ಟು ಬಟ್ಟೆ 1 ಕ್ಲೋ. ಹೆಚ್ಚುಕಡಿಮೆ ಒಂದು ಸೂಟು. ಅಂದರೆ ಹಿಮಬೆಟ್ಟದ ಚೀಲವನ್ನೂ ಕೊನೆಗೆ ಕುರ್ಚಿ ಬಿಟ್ಟು ಏಳದ ಗುಮಾಸ್ತನ ಸೂಟಿಗೇ ಹೋಲಿಸಿ ಅಳೆಯಬೇಕು!

ಅಂಗಡಿಯವನನ್ನು ಕೇಳಿದೆ: “ಸಾಯದಿದ್ದರೆ ಸಾಲದಪ್ಪ, −15ರಲ್ಲಿ ನಿದ್ದೆಯೂ ಬರಬೇಕು. ಅಂಥದ್ದಿದೆಯಾ?”

“ಇದೆಯಲ್ಲ ಸಾರ್,” ಅಂದ. “ಇದನ್ನೇ ಎರಡು ತಗೊಳ್ಳಿ.”